ನಿದಾನವೇ ಪ್ರಧಾನ

ತಲೆಬರಹದಲ್ಲಿ ಅಕ್ಷರದೋಷವಿದೆಯೆಂದು ನಮ್ಮ ಕನ್ನಡದ ಅಧ್ಯಾಪಕರು ಕೆಂಪು ಲೇಖನಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅರಿಕೆ ಮಾಡಿಕೊಂಡುಬಿಡುತ್ತೇನೆ: ದೋಷವಿಲ್ಲ. ಬಿಕ್ಕೋಡಿನಿಂದ ನಮ್ಮೂರಿಗೆ ಹೋಗುವ ದಾರಿಯಲ್ಲಿ, ಏರು ಮೊದಲಾಗುವ ತಿರುವಿನ ಬಳಿ ಒಂದು ತಗಡಿನ ಹಲಗೆಯುಂಟು. ಅದರ ಮೇಲೆ ‘ನಿಧಾನವೇ ಪ್ರಧಾನ’ ಎಂದು ಯಾರೋ ಪುಣ್ಯಾತ್ಮರು ಬರೆಸಿದ್ದರು. ಮಳೆಗೂ ಬಿಸಿಲಿಗೂ ಬಣ್ಣ ಎದ್ದು, ಮೊದಲನೆಯ ‘ಧಾ’ದ ಕೆಳಗಿನ ಸೀಳು ಅಳಿಸಿಹೋಗಿ, ಈಗ ಅದು ‘ನಿದಾನವೇ ಪ್ರಧಾನ’ ಎಂದಾಗಿದೆ. ನಿಧಾನವೆಂದರೆ ಮೆಲ್ಲಗೆ ಎಂಬುದು ಎಲ್ಲರಿಗೂ ಗೊತ್ತು. ನಿದಾನವೆಂದರೆ ರೋಗದ ಮೂಲವನ್ನು ಹುಡುಕಿ ತಿಳಿಯುವುದು. ಆಯುರ್ವೇದದಲ್ಲಿ ಇದಕ್ಕಾಗಿಯೇ ‘ಮಾಧವನಿದಾನ’ವೆಂಬ ಗ್ರಂಥವಿದೆಯೆಂದು ಅದೇ ಅಧ್ಯಾಪಕರು ನಮಗೆ ಹೇಳಿದ್ದರು. ಮಹಾಪ್ರಾಣವನ್ನು ಕಳೆದುಕೊಂಡ ಆ ಹಲಗೆಯ ಕೆಳಗೆ ಒಂದು ಸಂಜೆ ನನ್ನ ಅಲ್ಪಪ್ರಾಣಕ್ಕೂ ಸಂಚಕಾರ ಬಂದಿತ್ತಾದುದರಿಂದ, ಅದರ ಮೇಲಿನ ಮಾತನ್ನು ಇದ್ದಂತೆಯೇ ಇಲ್ಲಿ ಎತ್ತಿಕೊಂಡಿದ್ದೇನೆ.

ಬಿಕ್ಕೋಡು ಬೇಲೂರು ತಾಲ್ಲೂಕಿನ ಹೋಬಳಿಯ ಊರು. ಹಳೇಬೀಡಿನ ಕಡೆಯಿಂದ ಹೊರಟವನು ರಾಗಿಯ ಹೊಲ, ಜೋಳದ ಹೊಲ ನೋಡುತ್ತ ಬಂದು, ಬೇಲೂರು ದಾಟಿ ಇತ್ತ ತಿರುಗಿದನೆಂದರೆ, ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂಬುದು ತಿಳಿಯುವುದರೊಳಗೆ ಸಿಲ್ವರ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿಗಿಡಗಳ ನಡುವೆ ಸಿಕ್ಕಿಬಿದ್ದಿರುತ್ತಾನೆ. ನಮ್ಮ ಮನೆ ಬಿಕ್ಕೋಡಿನಿಂದ ಇನ್ನೂ ನಾಲ್ಕು ಕಿಲೋಮೀಟರು ಒಳಗೆ. ನಾನು ಬೆಳಿಗ್ಗೆ ಸೈಕಲ್ಲಿನಲ್ಲಿ ಬಿಕ್ಕೋಡಿಗೆ ಬಂದು, ಅದನ್ನು ಪರಿಚಯದ ಒಂದು ಕಾಫಿ ಹೋಟೆಲಿನ ಪಕ್ಕ ನಿಲ್ಲಿಸಿ, ಅಲ್ಲಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತೇನೆ. ಸಂಜೆ ಇದೇ ಕ್ರಮ ತಲೆಕೆಳಗಾಗಿ. ಬೆಳಗಿನ ದಾರಿ ಬಹುಮಟ್ಟಿಗೆ ಇಳಿಜಾರು, ಸಂಜೆಯದು ಏರು. ದಣಿದು ಬರುವ ಹೊತ್ತಿಗೆ ಏರು ಇಟ್ಟವನು ಯಾರೋ ಅವನಿಗೆ ನಮಸ್ಕಾರ.

ಏರೊಂದೇ ಆಗಿದ್ದರೆ ತಳ್ಳಿಕೊಂಡಾದರೂ ಹೋಗಬಹುದು. ನಮ್ಮ ಕಡೆಯ ತೋಟಗಳಲ್ಲಿ ಕಾಡಾನೆಗಳು ಬೀಡುಬಿಟ್ಟು ಎಷ್ಟೋ ವರ್ಷಗಳಾದುವು. ಇವತ್ತು ಇಂಥ ಕಡೆ ಆನೆ ಇದೆ, ಎಚ್ಚರವಾಗಿರಿ ಎಂದು ಮೊಬೈಲಿಗೆ ಸುದ್ದಿ ಬರುವ ಏರ್ಪಾಡಿದೆ. ಬೇರೆ ಊರಿನವರಿಗೆ ಮೊಬೈಲಿನಲ್ಲಿ ಮಳೆಯ ಮುನ್ಸೂಚನೆ ಬರುವ ಹಾಗೆ ನಮಗೆ ಆನೆಯದು. ಇದನ್ನು ಹೇಳಿದರೆ ತರಗತಿಯಲ್ಲಿ ಪೇಟೆಯ ಸ್ನೇಹಿತರು ನಗುತ್ತಾರೆ, ನಗುವ ವಿಷಯವಲ್ಲ. 2025ರ ಮೊದಲ ತಿಂಗಳುಗಳಲ್ಲಿ ನಮ್ಮ ತಾಲ್ಲೂಕಿನಲ್ಲಿಯೇ ಆನೆಗೆ ಸಿಕ್ಕಿ ಜನ ಸತ್ತರು. ಬಿಕ್ಕೋಡಿನಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಅಂದಿನಿಂದ ನಮ್ಮ ಅವ್ವನದು ಒಂದೇ ಕಟ್ಟಪ್ಪಣೆ: “ಹೊತ್ತು ಮುಳುಗೋದ್ರೊಳಗೆ ಹೊಸಲು ದಾಟಿರಬೇಕು. ಇಲ್ದಿದ್ರೆ ಕಾಲೇಜೂ ಬ್ಯಾಡ, ಏನೂ ಬ್ಯಾಡ.”

ಎಂಟನೆಯ ತರಗತಿಯಲ್ಲಿ ಸರ್ಕಾರದವರು ಕೊಟ್ಟ ಸೈಕಲ್ಲು ನನಗೆ ಬಹಳ ದಿನ ನಡೆಯಿತು. 2006-07ರಲ್ಲಿ ಮೊದಲಾದ ಆ ಯೋಜನೆಯ ಸೈಕಲ್ಲುಗಳನ್ನು ಹತ್ತಿ ಹೈಸ್ಕೂಲು ಮುಗಿಸಿದವರು ನಮ್ಮ ಹೋಬಳಿಯಲ್ಲಿ ಮನೆಗೊಬ್ಬರಾದರೂ ಇದ್ದಾರು. ಅದಕ್ಕೆ ಗೇರಿಲ್ಲ, ಏರಿನಲ್ಲಿ ಅದು ಸೈಕಲ್ಲಲ್ಲ, ಜೊತೆಯಲ್ಲಿ ನಡೆದುಬರುವ ಸಂಗಾತಿ. ನಾನು ಡಿಗ್ರಿಗೆ ಸೇರಿದ ವರ್ಷ ಬೆಂಗಳೂರಿನ ನಮ್ಮ ಸೋದರಮಾವ ಕರೆದು, “ನಮ್ಮ ಹುಡುಗ ಸ್ಕೂಟರಿಗೆ ಹತ್ತಿದ, ಅವನ ಗೇರ್ ಸೈಕಲ್ಲು ಸುಮ್ಮನೆ ಬಿದ್ದಿದೆ, ತಗೊಂಡು ಹೋಗೋ ಅಳಿಯ” ಎಂದರು. ಶುಂಠಿ ಇಳಿಸಿ ಖಾಲಿ ಬರುತ್ತಿದ್ದ ಪರಿಚಯದವರ ಪಿಕಪ್ ಒಂದರಲ್ಲಿ ನಾನೂ ಸೈಕಲ್ಲೂ ಊರಿಗೆ ಬಂದೆವು. ಅದನ್ನು ಗಾಡಿಯಲ್ಲಿ ಚೈನಿನ ಮಗ್ಗುಲು ಕೆಳಗಾಗಿ ಮಲಗಿಸಿ, ಅಲುಗಾಡದಿರಲೆಂದು ಮೇಲೆ ಎರಡು ಮೂಟೆ ಗೊಬ್ಬರ ಹೇರಿದವನು ನಾನೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು, ನಾನು ಇಟ್ಟುಕೊಳ್ಳಲಿಲ್ಲ.

ಮುಂದೆ 3 ಬಿಲ್ಲೆ, ಹಿಂದೆ 7. ಒಟ್ಟು 21 ಗೇರೆಂದು ಕಂಬಿಯ ಮೇಲೆ ಬರೆದಿತ್ತು. ಅದು ಲೆಕ್ಕದ ಇಪ್ಪತ್ತೊಂದು. ಕಾಲಿಗೆ ಅವುಗಳಲ್ಲಿ ಹಲವು ಒಂದೇ ಸಮ. ಹಿಂದಿನ ಚಕ್ರದ ಕೆಳಗೆ ಜೋತುಬಿದ್ದು ಚೈನನ್ನು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ದಾಟಿಸುವ ಸಲಕರಣೆಗೆ ಡಿರೇಲರ್ ಎಂದು ಹೆಸರು. ಅದು ಫ್ರೆಂಚರ ಮಾತಂತೆ. ಹಳಿ ತಪ್ಪಿಸುವುದು ಎಂದು ಅರ್ಥ. ಎಷ್ಟು ಪ್ರಾಮಾಣಿಕವಾದ ಹೆಸರು! ಅದೇ ಫ್ರೆಂಚರ ಪ್ರಸಿದ್ಧವಾದ ‘ತೂರ್ ದ ಫ್ರಾನ್ಸ್’ ಪಂದ್ಯ 1903ರಲ್ಲಿ ಮೊದಲಾಯಿತಷ್ಟೆ; ಅದನ್ನು ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಎಂಬಾತನಿಗೆ ಈ ಗೇರುಗಳೆಂದರೆ ಆಗುತ್ತಿರಲಿಲ್ಲ. ಆತ ಮೇಲ್ವಿಚಾರಣೆ ಬಿಟ್ಟ ಮೇಲೆ, 1937ರಲ್ಲಿ, ಪಂದ್ಯದ ಸವಾರರೆಲ್ಲ ಡಿರೇಲರ್ ಬಳಸಬಹುದೆಂದಾಯಿತು. ನಮ್ಮ ಅಪ್ಪನೂ ಅದೇ ಪಂಥದವರು. “ಗೇರು ಇರಬೇಕಾದ್ದು ಜೀಪಿಗೆ ಕಣೋ. ಸೈಕಲ್ಲಿಗೆ ಕಾಲೇ ಗೇರು” ಎಂದು ಮೊದಲ ದಿನವೇ ತೀರ್ಪು ಕೊಟ್ಟರು.

ಮೊದಲ ವಾರ ಎಲ್ಲ ಸೊಗಸು. ಏರಿನಲ್ಲಿ ಬಲಗೈಯ ಸನ್ನೆಯನ್ನು ಒತ್ತಿದರೆ ಟಿಕ್ಕೆಂದು ಸದ್ದು. ಕಾಲಿನ ಭಾರ ಯಾರೋ ಇಳಿಸಿಕೊಂಡ ಹಾಗೆ. ಆದರೆ ಒಂದೆರಡು ಬಿಲ್ಲೆಗಳಲ್ಲಿ ಚೈನು ನಿಂತಲ್ಲಿ ನಿಲ್ಲದೆ ಕಟಕಟವೆನ್ನುತ್ತಿತ್ತು. ಎರಡನೆಯ ವಾರ, ಒತ್ತಿದರೆ ದಾಟುವುದಿಲ್ಲ. ಬೇಡವೆಂದು ಬಿಟ್ಟ ಮೇಲೆ ತಾನಾಗಿ ದಾಟಿ, ಪೆಡಲಿನ ಮೇಲೆ ನಿಂತವನ ಮೊಣಕಾಲನ್ನು ಹ್ಯಾಂಡಲಿಗೆ ಬಡಿಸುವುದು. ನಾನು ಅದನ್ನು ಬಿಕ್ಕೋಡಿನ ಸೈಕಲ್ ಷಾಪಿಗೆ ಕೊಂಡೊಯ್ದೆ.

ಷಾಪೆಂದರೆ ದೊಡ್ಡದೇನಲ್ಲ. ಒಂದು ತಗಡಿನ ಮಾಡು, ಅದರ ಕೆಳಗೆ ನೀರು ತುಂಬಿದ ಬಾಣಲೆ, ಗಾಳಿಯ ಪಂಪು, ತೂಗುಹಾಕಿದ ಹಳೆಯ ಟೈರುಗಳು, ಗಿರಾಕಿಗಳಿಗೆಂದು ಒಂದು ಕಲ್ಲುಬೆಂಚು. ಅಲ್ಲಿ ಕುಳಿತಿರುವವರನ್ನು ಊರಿನವರೆಲ್ಲ ‘ಸೈಕಲ್ ತಾತ’ ಎನ್ನುತ್ತಾರೆ. ನಮ್ಮಪ್ಪ ಹುಡುಗರಾಗಿದ್ದಾಗ ಗಂಟೆಯ ಬಾಡಿಗೆಗೆ ಸೈಕಲ್ಲು ಕೊಟ್ಟು, ಹಿಂದಿನಿಂದ ಸೀಟು ಹಿಡಿದು ಓಡಿ ಸವಾರಿ ಕಲಿಸಿದವರು ಅವರೇ. ಬಾಡಿಗೆಯ ಕಾಲ ಹೋಗಿ, ಮೋಟಾರ್ ಸೈಕಲ್ಲುಗಳ ಕಾಲ ಬಂದು, ಈಗ ಪಂಕ್ಚರು ಹಾಕುವುದೇ ಅವರ ಮುಖ್ಯ ಉದ್ಯೋಗ.

ತಾತ ನನ್ನ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಪೆಡಲು ತಿರುಗಿಸುತ್ತ ಬಹಳ ಹೊತ್ತು ಕಿವಿಗೊಟ್ಟು ಕೇಳಿದರು. ವೈದ್ಯರು ಎದೆಗೆ ಕೊಳವೆ ಹಚ್ಚಿ ಕೇಳುವ ಹಾಗೆ. ಆಮೇಲೆ ತಂತಿ ಡಿರೇಲರಿಗೆ ಹೊಗುವ ಜಾಗದಲ್ಲಿರುವ ಪುಟ್ಟ ಪೀಪಾಯಿಯಂಥ ತಿರುಪನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದರು. ಹಾಗೆ ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ. ಚಿಕ್ಕ ಬಿಲ್ಲೆಯಿಂದ ದೊಡ್ಡದಕ್ಕೆ ಹತ್ತಲು ಚೈನು ತಡಮಾಡುತ್ತಿದ್ದರೆ ಅದೇ ಔಷಧ. ದೊಡ್ಡದರಿಂದ ಇಳಿಯಲು ತಡಮಾಡಿದರೆ ಬಲಕ್ಕೆ. ಜಪಾನಿನ ಶಿಮಾನೋ ಕಂಪನಿಯವರು 1984ರಲ್ಲಿ ಹೊರತಂದ ಮೇಲೆ ಎಲ್ಲೆಲ್ಲೂ ಬಳಕೆಗೆ ಬಂದ ಈ ಟಿಕ್‌ಟಿಕ್ ಗೇರಿನ ಗುಟ್ಟೇ ಇಷ್ಟು. ಒಂದು ಟಿಕ್ಕಿಗೆ ತಂತಿ ಇಷ್ಟೇ ಎಳೆಯಬೇಕು, ಡಿರೇಲರು ಇಷ್ಟೇ ಸರಿಯಬೇಕು. 7 ಬಿಲ್ಲೆಯ ಚಕ್ರದಲ್ಲಿ ಒಂದು ಬಿಲ್ಲೆಗೂ ಮುಂದಿನದಕ್ಕೂ ಸುಮಾರು 5 ಮಿಲಿಮೀಟರು ಅಂತರ. ಅದರಲ್ಲಿ ಒಂದು ಮಿಲಿಮೀಟರು ಹೆಚ್ಚುಕಡಿಮೆಯಾದರೂ ಚೈನು ಗೊಣಗತೊಡಗುತ್ತದೆ. ಮೊದಲಿನ ಕಾಲದಲ್ಲಿ ಸವಾರನೇ ಕಿವಿಯಿಂದ ಕೇಳಿ, ಸನ್ನೆಯನ್ನು ಚೂರುಚೂರೇ ಜರುಗಿಸಿ ಸರಿಮಾಡಿಕೊಳ್ಳಬೇಕಾಗಿತ್ತಂತೆ. ಈಗ ಆ ಕಿವಿ ಬೇಕಾಗಿಲ್ಲ. ಆದ್ದರಿಂದಲೇ ಕೆಟ್ಟಾಗ ನಮಗೆ ಏನೂ ತೋಚುವುದಿಲ್ಲ.

ತಾತ ತಿರುಗಿಸಿದ ಮೇಲೆ ಚಿಕ್ಕ ಬಿಲ್ಲೆಗಳು ಸರಿಹೋದವು, ದೊಡ್ಡವು ಕೆಟ್ಟವು. ದೊಡ್ಡವನ್ನು ಸರಿಮಾಡಿದರೆ ಚಿಕ್ಕವು ಕೆಟ್ಟವು. ಅವರು ಹುಬ್ಬು ಗಂಟಿಕ್ಕಿದರು. ತಂತಿಯನ್ನು ಬಿಚ್ಚಿ ನೋಡಿದರೆ ಹೊರಗವಚದೊಳಗೆ ತುಕ್ಕು. “ಇದನ್ನ ಬದಲಾಯಿಸ್ಬೇಕು ಮಗಾ. ಒಳತಂತಿ ಐತೆ, ಹೊರಗಿಂದು ಇಲ್ಲ. ಹಾಸನದಿಂದ ತಂದ್ಕೊಡು.”

ಮಾಡಿನ ಮೂಲೆಯಲ್ಲಿ ಕರಿಯ ಕವಚದ ದೊಡ್ಡ ಸುರುಳಿಯೇ ತೂಗುತ್ತಿತ್ತು. “ಅದೇ ಐತಲ್ಲ ತಾತ” ಎಂದೆ.

“ಅದು ಬ್ರೇಕಿಂದು. ಹಾಕಿದ್ರೆ ಗೇರು ನಿಲ್ಲಾಕಿಲ್ಲ.”

ನೋಡಲು ಎರಡೂ ಒಂದೇ. ಆಮೇಲೆ ತಿಳಿದುಕೊಂಡೆ: ಬ್ರೇಕಿನ ಹೊರಗವಚದೊಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿಯಿರುತ್ತದೆ, ಎಳೆದಾಗ ಅದು ಚೂರು ಕುಗ್ಗುತ್ತದೆ, ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ಇರುತ್ತವೆ, ಆದ್ದರಿಂದ ಕುಗ್ಗುವುದಿಲ್ಲ. ಒಂದು ಮಿಲಿಮೀಟರಿಗೆ ಮುನಿಸಿಕೊಳ್ಳುವ ಯಂತ್ರಕ್ಕೆ ಕುಗ್ಗುವ ಕವಚ ಹಾಕಿದರೆ ಮುಗಿಯಿತು. ಆದರೆ ಆ ಹೊತ್ತಿನಲ್ಲಿ ನನಗೆ ತೋರಿದ್ದು, ಮುದುಕರಿಗೆ ಕೆಲಸ ಗೊತ್ತಿಲ್ಲ, ಮುಂದೂಡುತ್ತಿದ್ದಾರೆ ಎಂದು. ಹೊರಡುವಾಗ ತಾತ ಡಿರೇಲರಿನ ಹಿಂಭಾಗದ ಎರಡು ಪುಟ್ಟ ಸ್ಕ್ರೂಗಳಲ್ಲಿ ಒಂದನ್ನು ಒಳಕ್ಕೆ ತಿರುಗಿಸಿ, “ಹಾಸನದಿಂದ ಸಾಮಾನು ಬರೋ ತನಕ ಆ ದೊಡ್ಡ ಬಿಲ್ಲೆಗೆ ಹೋಗ್ಬ್ಯಾಡ. ಅಲ್ಲಿಗೆ ಹತ್ತದ ಹಾಗೆ ಮಾಡಿವ್ನಿ. ಚೈನು ಕಡ್ಡಿಗೆ ಬಾಳ ಹತ್ರ ಹೋಯ್ತಾ ಐತೆ, ಯಾಕೆ ಅಂತ ನೋಡ್ಬೇಕು” ಎಂದರು.

ಇದು ಅವರು ಹೇಳಿದ ಮಾತು. ನಾನು ಕೇಳಿಸಿಕೊಂಡ ಮಾತು ಮಾತ್ರ, ಏರಿಗೆ ಬೇಕಾದ ಬಿಲ್ಲೆಯನ್ನೇ ಈ ಮುದುಕರು ಕಿತ್ತುಕೊಂಡರು ಎಂದು.

ಅಂದಿನಿಂದ ನನ್ನ ಸ್ವಂತ ವೈದ್ಯ ಮೊದಲಾಯಿತು. ಮೊಬೈಲಿನಲ್ಲಿ ನೋಡದ ಪಾಠವಿಲ್ಲ. ಚೈನು ಸವೆದಿದೆಯೇ ಎಂದು ಅಡಿಪಟ್ಟಿ ಹಿಡಿದು ಅಳೆದೆ. ಚೈನಿನ ಒಂದು ಮೊಳೆಯಿಂದ ಮುಂದಿನ ಮೊಳೆಗೆ ಅರ್ಧ ಅಂಗುಲ. 24 ಎಣಿಸಿದರೆ ಸರಿಯಾಗಿ 12 ಅಂಗುಲ ಬರಬೇಕು. ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಾಗಿದ್ದರೆ ಚೈನು ಬದಲಾಯಿಸುವ ಕಾಲ. ಎಂಟನೆಯ ಒಂದು ಪಾಲಾದರೆ ಬಿಲ್ಲೆಗಳ ಹಲ್ಲೂ ಸವೆದಿರುತ್ತವೆ, ಹೊಸ ಚೈನು ಹಾಕಿದರೂ ಹಾರುತ್ತದೆ. ನನ್ನದು ಕೂದಲೆಳೆಯಷ್ಟು ಮಾತ್ರ ಹೆಚ್ಚು. ಚೈನು ನಿರಪರಾಧಿ. ಬಿಗಿದುಕೊಂಡ ಕೊಂಡಿ ಯಾವುದಾದರೂ ಇದೆಯೇ ಎಂದು ಒಂದೊಂದನ್ನೂ ಬೆರಳಿನಿಂದ ಮಣಿಸಿದೆ, ಇಲ್ಲ. ಉಳಿದುದು ಆ ಸ್ಕ್ರೂ. ಅವು ಎರಡು: ಒಂದರ ಬಳಿ ‘ಎಚ್’ ಎಂದೂ ಇನ್ನೊಂದರ ಬಳಿ ‘ಎಲ್’ ಎಂದೂ ಕೊರೆದಿರುತ್ತದೆ. ಡಿರೇಲರು ಹೊರಗೆ ಎಲ್ಲಿಯವರೆಗೆ ಹೋಗಬಹುದು, ಒಳಗೆ ಎಲ್ಲಿಯವರೆಗೆ ಬರಬಹುದು ಎಂದು ಗಡಿ ಹಾಕುವುದಷ್ಟೇ ಅವುಗಳ ಕೆಲಸ. ‘ಎಚ್’ ಸಡಿಲವಾದರೆ ಚೈನು ಚಿಕ್ಕ ಬಿಲ್ಲೆಯಿಂದ ಹೊರಕ್ಕೆ ಬೀಳುತ್ತದೆ. ಕೈ ಕಪ್ಪಾಗುತ್ತದೆ, ಅಷ್ಟೆ. ‘ಎಲ್’ ಸಡಿಲವಾದರೆ ದೊಡ್ಡ ಬಿಲ್ಲೆಯನ್ನೂ ದಾಟಿ ಚಕ್ರದ ಕಡ್ಡಿಗಳೊಳಕ್ಕೆ ಬೀಳುತ್ತದೆ. ಹಾಸನಕ್ಕೆ ಹೋಗಲು ನನಗೆ ಬಿಡುವಾಗಿರಲಿಲ್ಲ. ಒಂದು ಭಾನುವಾರ ಅಪ್ಪನ ಪೆಟ್ಟಿಗೆಯ ಸ್ಕ್ರೂಡ್ರೈವರು ತೆಗೆದುಕೊಂಡು ‘ಎಲ್’ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದೆ. ತಲೆಕೆಳಗೆ ನಿಲ್ಲಿಸಿ ಕೈಯಲ್ಲಿ ತಿರುಗಿಸಿದಾಗ ಚೈನು ದೊಡ್ಡ ಬಿಲ್ಲೆಗೆ ಹೂವಿನ ಹಾಗೆ ಹತ್ತಿತು. ಕೈಯಿಂದ ತಿರುಗಿಸುವುದು ಬೇರೆ, ಮೇಲೆ ಐವತ್ತೈದು ಕಿಲೋ ಕುಳಿತು ಏರಿನಲ್ಲಿ ತುಳಿಯುವುದು ಬೇರೆ ಎಂಬುದು ಯಾವ ಪಾಠದಲ್ಲಿಯೂ ನನಗೆ ಕಾಣಲಿಲ್ಲ. ಅಥವಾ ಕಾಣುವಷ್ಟು ತಾಳ್ಮೆಯಿರಲಿಲ್ಲ.

ಮಂಗಳವಾರ ಸಂಜೆ ಬಸ್ಸು ತಡವಾಯಿತು. ಬಿಕ್ಕೋಡಿನಲ್ಲಿ ಇಳಿದಾಗ ಮೋಡ ಕವಿದು ಹೊತ್ತಿಗೆ ಮೊದಲೇ ಕತ್ತಲಾಗುವ ಸೂಚನೆಯಿತ್ತು. ಮೊಬೈಲು ತೆಗೆದು ನೋಡಿದರೆ ಆನೆಯ ಸುದ್ದಿ. ನಮ್ಮ ದಾರಿಯ ಬಲಗಡೆಯ ತೋಟದ ಹೆಸರೇ. ಹೋಟೆಲಿನವರು, “ಯಾರಾದ್ರೂ ಗಾಡೀಲಿ ಬರೋರು ಇದ್ರೆ ಜೊತೇಲಿ ಹೋಗಪ್ಪಾ” ಎಂದರು. ಕಾದರೆ ಇನ್ನೂ ಕತ್ತಲಾಗುತ್ತದೆ, ಗೇರಿದೆ, ಹತ್ತು ನಿಮಿಷದ ಏರು ಎಂದು ಹೊರಟೆ.

ತಗಡಿನ ಹಲಗೆಯ ಬಳಿ ತಿರುವು. ಅಲ್ಲಿಂದ ಏರು ಕಡಿದು. ನಾನು ಪೆಡಲಿನ ಮೇಲೆ ಎದ್ದು ನಿಂತು ಸನ್ನೆಯನ್ನು ಕೊನೆಯವರೆಗೆ ಒತ್ತಿದೆ. ಟಿಕ್ಕೆನ್ನಲಿಲ್ಲ. ಕಬ್ಬು ಮುರಿದಂಥ ಸದ್ದಾಯಿತು. ಚಕ್ರ ಸತ್ತ ಹಾಗೆ ನಿಂತಿತು. ನಾನು ಹ್ಯಾಂಡಲಿನ ಮೇಲಿಂದ ಹಲಗೆಯ ಕಂಬದ ಬುಡಕ್ಕೆ ಬಿದ್ದೆ. ಎದ್ದು ನೋಡಿದರೆ ಚೈನು ದೊಡ್ಡ ಬಿಲ್ಲೆಗೂ ಕಡ್ಡಿಗಳಿಗೂ ನಡುವೆ ಸಿಕ್ಕಿ ಬೆಸೆದುಕೊಂಡಿದೆ, ಡಿರೇಲರಿನ ಕೆಳತುದಿ ಕಡ್ಡಿಗಳೊಳಗೆ ಹೊಕ್ಕಿದೆ, ಎರಡು ಕಡ್ಡಿ ತುಂಡಾಗಿವೆ. ಎಳೆದರೆ ಬರುವುದಿಲ್ಲ, ತಳ್ಳಿದರೆ ಉರುಳುವುದಿಲ್ಲ.

ಆಗ ಬಲಗಡೆಯ ತೋಟದೊಳಗೆ ಕೊಂಬೆ ಮುರಿದ ಸದ್ದು ಕೇಳಿಸಿತು.

ಗಾಳಿಯಿರಲಿಲ್ಲ. ಕೊಂಬೆ ತಾನಾಗಿ ಮುರಿಯುವ ಹೊತ್ತೂ ಅಲ್ಲ. ಮೊಬೈಲಿನ ಬೆಳಕು ಹಾಕಲು ಹೋದ ಕೈ ಅಲ್ಲಿಯೇ ನಿಂತಿತು. ಸೈಕಲ್ಲು ಬಿಟ್ಟು ಓಡೋಣವೆಂದರೆ ಬಿಕ್ಕೋಡಿನ ಕಡೆಗೆ ಓಡಬೇಕೋ ಮನೆಯ ಕಡೆಗೋ, ಸದ್ದು ಎಷ್ಟು ದೂರದ್ದೋ ತಿಳಿಯದು. ಹಲಗೆಯ ಕಂಬಕ್ಕೆ ಬೆನ್ನು ಹಚ್ಚಿ ನಿಂತೆ. ಮತ್ತೊಮ್ಮೆ ಸದ್ದು, ಈ ಸಲ ಕಾಫಿಗಿಡಗಳನ್ನು ಏನೋ ಸವರಿಕೊಂಡು ಹೋದ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ ಹೇಳಲಾರೆ. ಕೊನೆಗೆ ಕೆಳಗಿನಿಂದ ಕೂಲಿಯವರನ್ನು ಬಿಡಲು ಹೊರಟ ಪಿಕಪ್ ಒಂದು ಬಂದು, ನನ್ನನ್ನೂ ಸೈಕಲ್ಲನ್ನೂ ಎತ್ತಿ ಹಾಕಿಕೊಂಡರು. ಮುಂದಿನ ತಿರುವಿನಲ್ಲಿ ದೀಪದ ಬೆಳಕಿಗೆ ರಸ್ತೆಯ ನಡುವೆ ಲದ್ದಿ ಕಾಣಿಸಿತು. ಇನ್ನೂ ಹಬೆಯಾಡುತ್ತಿತ್ತು. ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದರು. ನನ್ನ ಮೊಣಕೈಯ ರಕ್ತ ನೋಡಿದರು, ಸೈಕಲ್ಲು ನೋಡಿದರು. “ನಾಳೆಯಿಂದ ಎಲ್ಲೂ ಹೋಗೋದು ಬ್ಯಾಡ” ಎಂದರು. ಬೈಯಲಿಲ್ಲ, ಅದೇ ನನಗೆ ಹೆದರಿಕೆಯಾದುದು. ಕಾಲೇಜು ತಪ್ಪಿಹೋಗುತ್ತದೆಂದು ಕಂಡಾಗ ನನ್ನ ಬಾಯಿಂದ ಆ ಮಾತು ಬಂದಿತು: “ನನ್ನ ತಪ್ಪಲ್ಲ ಅವ್ವ. ಸೈಕಲ್ ತಾತ ಗೇರು ಕೆಡಿಸಿಟ್ರು.”

ಅಪ್ಪ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಸೈಕಲ್ಲನ್ನು ಪಕ್ಕದ ಮನೆಯವರ ಗಾಡಿಯಲ್ಲಿ ಹಾಕಿಸಿಕೊಂಡು ನನ್ನನ್ನೂ ಕರೆದುಕೊಂಡು ಷಾಪಿಗೆ ಬಂದರು. ಕಲ್ಲುಬೆಂಚಿನ ಮೇಲೆ ನಾಲ್ಕೈದು ಜನರಿದ್ದರು. ಅಪ್ಪ ದನಿಯೇರಿಸಿ ಮಾತನಾಡುವವರಲ್ಲ. ಆ ದಿನ ಏರಿಸಿದರು. “ನಿಮ್ಮನ್ನ ನಂಬಿ ಮಗನ್ನ ಕಳಿಸಿದ್ದೆ. ಕಣ್ಣು ಮಂಜಾಗಿದ್ರೆ ಅಂಗಡಿ ಬಾಗ್ಲು ಹಾಕ್ಕೊಳ್ಳಿ. ಮಕ್ಕಳ ಪ್ರಾಣದ ಜೊತೆ ಆಟ ಬ್ಯಾಡ.” ತಾತ ಏನೋ ಹೇಳಲು ಹೊರಟು, ನನ್ನ ಮುಖ ನೋಡಿ ಸುಮ್ಮನಾದರು. “ಬುಟ್ಟೋಗಪ್ಪ, ನೋಡ್ತೀನಿ” ಎಂದಷ್ಟೇ ಅಂದರು. ಅಪ್ಪನಿಗೆ ನಾಡಕಚೇರಿಯಲ್ಲಿ ಪಹಣಿಯ ಕೆಲಸವಿತ್ತು, ಹೋದರು. ನಾನು ಬೆಂಚಿನ ತುದಿಯಲ್ಲಿ ಕುಳಿತೆ. ನನಗೆ ಆ ದಿನ ಬಸ್ಸು ಹಿಡಿಯುವ ಮನಸ್ಸಾಗಲಿಲ್ಲ.

ತಾತ ಚೈನನ್ನು ಬಿಡಿಸಿದರು, ತುಂಡಾದ ಕಡ್ಡಿಗಳನ್ನು ತೆಗೆದರು. ಆಮೇಲೆ ಸೈಕಲ್ಲಿನ ಹಿಂದೆ ಮೊಣಕಾಲೂರಿ ಕುಳಿತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. “ಬಾ ಇಲ್ಲಿ” ಎಂದರು. “ಏನು ಕಾಣ್ತೈತೆ?” ನಾನು ನೋಡಿದೆ. ಬಿಲ್ಲೆಗಳು ನೆಟ್ಟಗೆ ನಿಂತಿದ್ದವು. ಅವುಗಳ ಕೆಳಗೆ ಜೋತ ಡಿರೇಲರು ಅದೇ ಗೆರೆಯಲ್ಲಿ ನೆಟ್ಟಗಿರಬೇಕು. ಇರಲಿಲ್ಲ, ಅದರ ಕಾಲು ಚಕ್ರದ ಕಡೆಗೆ ಮಾಲಿತ್ತು. ಒಮ್ಮೆ ಕಂಡ ಮೇಲೆ ಇಷ್ಟು ದಿನ ಹೇಗೆ ಕಾಣಲಿಲ್ಲವೆಂದು ಆಶ್ಚರ್ಯವಾಗುವಷ್ಟು ಸ್ಪಷ್ಟ.

ಡಿರೇಲರನ್ನು ಹೊತ್ತಿರುವುದು ಫ್ರೇಮಿನ ತುದಿಯ ಒಂದು ಕಿವಿ. ತಾತ ಅದನ್ನು ಕಿವಿಯೆಂದೇ ಕರೆದರು. ಅದು ಬಗ್ಗಿತ್ತು. ಕಿವಿ ಬಗ್ಗಿದ ಗೇರಿಗೆ ತಂತಿಯನ್ನು ಎಷ್ಟು ಬಿಗಿಮಾಡಿ ಸಡಿಲಿಸಿದರೂ ಒಂದು ತುದಿ ಸರಿಯಾದರೆ ಇನ್ನೊಂದು ತುದಿ ಕೆಡುತ್ತದೆ. ಅದೇ ಅದರ ಲಕ್ಷಣ. ಮೊದಲ ದಿನವೇ ನಮ್ಮ ಕಣ್ಣೆದುರಿಗೆ ಬಂದಿತ್ತು.

ಮುಂದೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ರಿಪೇರಿಗೆ ಬಂದಿದ್ದ ಇನ್ನೊಂದು ಗೇರ್ ಸೈಕಲ್ಲಿನ ಹಿಂದಿನ ಚಕ್ರ ಅಲ್ಲಿತ್ತು. ನನ್ನ ಡಿರೇಲರನ್ನು ಬಿಚ್ಚಿ, ಅದು ಕೂರುವ ತೂತಿಗೆ ಆ ಚಕ್ರದ ಅಚ್ಚಿನ ತುದಿಯನ್ನೇ ತಿರುಪಿದರು. ಸರಿಯಾಗಿ ಕೂತಿತು. ಅಂಥ ಎಷ್ಟೋ ಚಕ್ರಗಳ ಅಚ್ಚಿಗೂ ಆ ತೂತಿಗೂ 10 ಮಿಲಿಮೀಟರಿನ ಒಂದೇ ತಿರುಪಂತೆ. ಈಗ ನನ್ನ ಚಕ್ರದ ಪಕ್ಕದಲ್ಲಿ, ಆ ಬಗ್ಗಿದ ಕಿವಿಗೆ ನೇತುಕೊಂಡು, ಇನ್ನೊಂದು ಚಕ್ರ ನಿಂತಿತು. ಕಿವಿ ನೆಟ್ಟಗಿದ್ದರೆ ಎರಡು ಚಕ್ರಗಳೂ ಎತ್ತಿನ ಜೋಡಿಯಂತೆ ಸಮನಾಗಿ ನಿಲ್ಲಬೇಕು. ತಾತ ಒಂದು ಬಿದಿರಿನ ಕಡ್ಡಿಯನ್ನು ತೆಗೆದುಕೊಂಡು ಮೇಲುಗಡೆಯ ಸಂದಿನ ಅಳತೆಗೆ ಮುರಿದು ಕೆಳಗಡೆ ಹಿಡಿದರು, ಹಿಡಿಸಲಿಲ್ಲ. ಕೆಳಗಿನ ಸಂದು ಎರಡು ಬೆರಳು ಕಡಿಮೆ. ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ತನ್ನ ಭಾರದಿಂದಲೇ ನಿಂತಿರುವ 42 ಅಡಿಯ ಕಂಬವಿದೆಯಲ್ಲ, ಅದರ ಬುಡದಲ್ಲಿ ಗೈಡುಗಳು ಒಂದು ಮೂಲೆಯಿಂದ ಕಾಗದ ತೂರಿಸಿ ಪ್ರವಾಸಿಗಳನ್ನು ಬೆರಗುಗೊಳಿಸುತ್ತಾರೆ. ನಾನೂ ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ್ದೆ. ಸಂದನ್ನು ನೋಡುವುದರಿಂದ ಏನಾದರೂ ತಿಳಿಯಬಹುದೆಂದು ನನಗೆ ಹೊಳೆದದ್ದು ಆ ದಿನವೇ.

ತಾತ ಚಕ್ರದ ಬಳೆಯನ್ನೇ ಸನ್ನೆಗೋಲಾಗಿ ಹಿಡಿದು, ಉಸಿರು ಕಟ್ಟಿ, ಚೂರೇ ಎಳೆದರು. ಕಡ್ಡಿ ಹಿಡಿದು ನೋಡಿದರು. ಮತ್ತೆ ಎಳೆದರು. ಮೇಲೆ, ಕೆಳಗೆ, ಹಿಂದೆ, ಮುಂದೆ. “ಇದು ಉಕ್ಕು, ಅದಕ್ಕೆ ಬಗ್ತೈತೆ. ಅಲ್ಯೂಮಿನಿಯಂ ಆಗಿದ್ರೆ ಪಟ್ ಅಂತಿತ್ತು. ಇದೂ ಪದೇಪದೇ ಆಗಾಕಿಲ್ಲ.” ಬಿದಿರುಕಡ್ಡಿ ನಾಲ್ಕು ಕಡೆಯೂ ಒಂದೇ ಬಿಗಿಯಲ್ಲಿ ಕೂತಾಗ ಹನ್ನೊಂದು ಗಂಟೆ. ಬೆಂಚಿನ ಜನ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು.

ಕಡೆಯವನು ಹೋದ ಮೇಲೆ ತಾತ ಬಿಚ್ಚಿದ ಡಿರೇಲರನ್ನು ನನ್ನ ಅಂಗೈಯಲ್ಲಿಟ್ಟರು. ‘ಎಲ್’ ಸ್ಕ್ರೂವಿನ ತಲೆಯ ಮೇಲೆ ಬೆರಳಿಟ್ಟರು. ಅಳತೆಗೆ ಸಲ್ಲದ ಸ್ಕ್ರೂಡ್ರೈವರು ಜಾರಿ ಕೊರೆದ ಗೀರು ಬೆಳ್ಳಗೆ ಹೊಳೆಯುತ್ತಿತ್ತು. “ನನ್ನ ಸ್ಕ್ರೂಡ್ರೈವರು ಹಿಂಗೆ ಗೀರಾಕಿಲ್ಲ ಮಗಾ” ಎಂದರು.

ಬೆಳಿಗ್ಗೆ ಅಪ್ಪನೆದುರಿಗೇ ಅವರು ಅದನ್ನು ನೋಡಿರಬೇಕು. ಐದು ಜನರ ಮುಂದೆ ಒಂದು ಮಾತು ಆಡಿದ್ದರೆ ಮುಗಿದಿತ್ತು. ನಾನು ತಪ್ಪಾಯಿತೆಂದೆ, ಗಂಟಲು ಕಟ್ಟಿ ಸರಿಯಾಗಿ ಹೇಳಲಾಗಲಿಲ್ಲ. ಪಿಕಪ್ಪಿನಲ್ಲಿ ಮಲಗಿಸಿದ್ದನ್ನೂ ಗೊಬ್ಬರದ ಮೂಟೆಯನ್ನೂ ಹೇಳಿದೆ. “ಅಂಗನ್ನು ಮತ್ತೆ. ಅವತ್ತೇ ಹೇಳಿದ್ರೆ ಅವತ್ತೇ ಕಿವಿ ನೋಡ್ತಿದ್ದೆ. ನಾನೂ ನೋಡ್ಬೇಕಿತ್ತು, ತಂತಿ ತುಕ್ಕು ಕಂಡಿದ್ದೇ ಅದರ ಹಿಂದೆ ಬಿದ್ದೆ” ಎಂದು, ಡಿರೇಲರನ್ನು ಮತ್ತೆ ಕೂರಿಸತೊಡಗಿದರು. ನಾನು, “ಅಪ್ಪನಿಗೆ ನೀವು ಹೇಳ್ತೀರಾ ತಾತ?” ಎಂದು ಕೇಳಿದೆ. “ನಂದೇನೈತೆ ಹೇಳಾಕೆ?” ಎಂದರು. ಮತ್ತೆ ತಲೆಯೆತ್ತಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಅವ್ವ ಬಡಿಸುತ್ತಿದ್ದ ಸೌಟು ಹಾಗೆಯೇ ನಿಂತಿತು. ಅಪ್ಪ ಮುದ್ದೆ ಮುರಿಯುತ್ತಿದ್ದವರು ಮುರಿದದ್ದನ್ನು ನುಂಗಿ, ಕೈ ತೊಳೆದು, ಹೊರಗೆ ಜಗಲಿಗೆ ಹೋಗಿ ಕುಳಿತರು. ಹೊಡೆಯಲಿಲ್ಲ, ಬೈಯಲಿಲ್ಲ. ನನ್ನೊಂದಿಗೆ ಮೂರು ದಿನ ಮಾತನಾಡಲಿಲ್ಲ. ಕಾಲೇಜಿಗೆ ಹೋಗಬಾರದೆಂದು ಮಾತ್ರ ಯಾರೂ ಹೇಳಲಿಲ್ಲ. ಆ ಮೂರು ದಿನವೂ ಸಂಜೆ ಬಸ್ಸಿನ ಹೊತ್ತಿಗೆ ಅಪ್ಪ ಬಿಕ್ಕೋಡಿನಲ್ಲಿ ನಿಂತಿರುತ್ತಿದ್ದರು. ಮಾತಿಲ್ಲದೆ ನಡೆದುಬರುತ್ತಿದ್ದೆವು.

ಭಾನುವಾರ ನಾನು ಹಾಸನಕ್ಕೆ ಹೋಗಿ ಹೊರಗವಚ ತಂದು ಷಾಪಿಗೆ ಬಂದಾಗ ಅಪ್ಪ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಕೊಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕೋಳಿಗಳು ಕೂರುತ್ತಿದ್ದ ಅವರ ಹಳೆಯ ಸೈಕಲ್ಲು ತಾತನ ಮುಂದೆ ತಲೆಕೆಳಗಾಗಿ ನಿಂತಿತ್ತು. ಅದನ್ನು ಅಪ್ಪ ತಳ್ಳಿಕೊಂಡೇ ತಂದಿರಬೇಕು. ಅದರ ಟೈರುಗಳಲ್ಲಿ ಗಾಳಿ ನಿಲ್ಲುವ ಸ್ಥಿತಿಯಿರಲಿಲ್ಲ. ಇಬ್ಬರೂ ಬೆಳಿಗ್ಗೆಯಿಂದ ಏನು ಮಾತನಾಡಿದ್ದರೋ ನನಗೆ ತಿಳಿಯದು. ನಾನು ಬಂದಾಗ ಮಳೆಯ ಮಾತು, ಮೆಣಸಿನ ಬೆಲೆಯ ಮಾತು. ತಾತ ಹೊಸ ಟ್ಯೂಬಿಗೆ ಗಾಳಿ ಹಾಕಿ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು.

ನನ್ನ ಸೈಕಲ್ಲಿನ ಸರದಿ ಬಂತು. ಹೊಸ ಕವಚ, ಹೊಸ ತಂತಿ. ಪೀಪಾಯಿ ತಿರುಪನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು. ತಾತ ಪೆಡಲು ತಿರುಗಿಸುತ್ತ, “ಹಿಂದೆ ಹೋಗಿ ಕೂತ್ಕೊ. ನಿನ್ನ ಕಣ್ಣು ಎಳೇವು. ಚೈನು ಬಿಲ್ಲೆ ಕೆಳಗೆ ನೆಟ್ಟಗೈತಾ ಹೇಳು” ಎಂದರು. ನಾನು ಮೊಣಕಾಲೂರಿ ಕುಳಿತು ಒಂದು ಕಣ್ಣು ಮುಚ್ಚಿದೆ. “ಚೂರು ಒಳಗೆ, ತಾತ.” ತಿರುಗಿಸಿದರು. “ಇನ್ನೂ ಚೂರು.” ತಿರುಗಿಸಿದರು. “ಸರಿಯಾಯ್ತು.”

ತಾತ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ತಾವೂ ಒಂದು ಕಣ್ಣು ಮುಚ್ಚಿ ನೋಡಿದರು. ಅವರ ಹಿಂದೆ ಅಪ್ಪನೂ ಬಂದು ಬಗ್ಗಿ ನೋಡಿದರು.